ಬಿ.ಪಿ. ಬಂದದ್ದು ನನಗ

ಕೂಸು ತೀರಿಕೊಂಡ ಮೇಲೆ ಸುಭದ್ರಾಳನ್ನು ಮಾತಾಡಿಸಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಮರೆತುಬಿಡು, ವಯಸ್ಸಿನ್ನೂ ಇದೆ, ಮತ್ತೊಂದಾಗುತ್ತದೆ. ಚಹಾ ಕುಡಿದು, ಅಷ್ಟು ಹೇಳಿ ಎದ್ದು ಹೋಗುತ್ತಿದ್ದರು. ಸುಭದ್ರಾ ಯಾರ ಮಾತಿಗೂ ತಲೆಯಾಡಿಸಲಿಲ್ಲ.

ಅವಳು ಮುಧೋಳದ ಕಡೆಯವಳು. ಡಿಪ್ಲೊಮಾ ಮುಗಿಸಿ, ನಾಸಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಆಗಿದ್ದ ಶಿವಕಾಂತನನ್ನು ಮದುವೆಯಾಗಿ ಬಂದಿದ್ದಳು. ಬಂದ ವರ್ಷವೇ ಸಾತಪುರದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗ ಪರೀಕ್ಷಿಸುವ ಕೆಲಸ ಹಿಡಿದು, ಹೆದ್ದಾರಿಯ ಲಾರಿಗಳ ನಡುವೆ ಸ್ಕೂಟಿ ನುಗ್ಗಿಸಿಕೊಂಡು ಶಿಫ್ಟಿಗೆ ಹೋಗಿ ಬರುತ್ತಿದ್ದಳು. ಅತ್ತೆ ಭಾಗವ್ವನಿಗೆ ಆ ಸ್ಕೂಟಿ ಕಂಡರಾಗುತ್ತಿರಲಿಲ್ಲ. ಸೊಸೆ ಬಸಿರಾದಾಗ ಅದರ ಕೀಲಿಯನ್ನು ದೇವರ ಗೂಡಿನಲ್ಲಿ ಬಚ್ಚಿಟ್ಟಳು. ಸುಭದ್ರಾ ದೇವರಿಗೆ ಕೈಮುಗಿದು, ಕೀಲಿ ತೆಗೆದುಕೊಂಡು ಕೆಲಸಕ್ಕೆ ಹೋದಳು.

ಏಳನೆಯ ತಿಂಗಳಲ್ಲಿ ಕಾಲು ಬಾತವು, ಮುಖ ಊದಿತು. "ಬಸರಾದಾಗ ಕಾಲು ಬಾವೂದು ಇರೂದ," ಎಂದಳು ಭಾಗವ್ವ. ಆದರೆ ತಲೆನೋವು ಶುರುವಾದ ನಾಲ್ಕನೆಯ ದಿನ ಕಣ್ಣ ಮುಂದೆ ಕಿಡಿ ಹಾರಿದಂತಾದಾಗ ಸುಭದ್ರಾ ಯಾರನ್ನೂ ಕೇಳದೆ ನಾಸಿಕದ ಆಸ್ಪತ್ರೆಗೆ ಹೋದಳು. ಬಿ.ಪಿ. ವಿಪರೀತ ಏರಿತ್ತು. ಅಲ್ಲೇ ಇರಿಸಿಕೊಂಡರು.

ಅನ್ವಿತಾಳ ಪರಿಚಯವಾದದ್ದು ಆ ವಾರ್ಡಿನಲ್ಲಿ. ಬಸಿರಿನಲ್ಲಿ ಬಿ.ಪಿ. ಏರುವ ಹೆಂಗಸರ ಮೇಲೆ ಒಂದು ಅಧ್ಯಯನ ನಡೆಯುತ್ತಿತ್ತು. ಅದರ ನರ್ಸ್ ಅವಳು. ಮುಖ್ಯ ಕೇಂದ್ರ ಛತ್ರಪತಿ ಸಂಭಾಜಿನಗರದಲ್ಲಿ. ರಕ್ತದ ಮಾದರಿ ಕೊಡಬೇಕು, ಹೆರಿಗೆಯಾದ ಮೇಲೂ ಕೆಲವು ವರ್ಷ ತಾಯಿ ಮಗು ಇಬ್ಬರೂ ಬಂದು ತೋರಿಸಿಕೊಳ್ಳುತ್ತಿರಬೇಕು. ಈ ಬೇನೆ ಹೆರಿಗೆಯೊಂದಿಗೆ ಮುಗಿಯುತ್ತದೆಂದು ಜನ ತಿಳಿಯುತ್ತಾರೆ, ಆದರೆ ಮುಂದೆ ತಾಯಿಯ ಹೃದಯಕ್ಕೂ ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು ಎಂದು ಅನ್ವಿತಾ ವಿವರಿಸಿದಳು. ಅವಳ ಮನೆಯವರು ಉಡುಪಿ ಕಡೆಯವರು, ಹೋಟೆಲ್ ನಡೆಸುವವರು. ನಾಸಿಕದಲ್ಲೇ ಬೆಳೆದ ಹುಡುಗಿಗೆ ಕನ್ನಡ ಅರ್ಥವಾದಷ್ಟು ಆಡಲು ಬಾರದು. ಮಾತಿಗೊಮ್ಮೆ ಮರಾಠಿಯಲ್ಲಿ "ತಾಈ" ಅನ್ನುತ್ತಿದ್ದಳು, ಅಕ್ಕಾ ಎಂದು. ಸುಭದ್ರಾಳ ಕಿವಿಗೆ ಅದು ಪ್ರತಿ ಸಲವೂ 'ತಾಯಿ' ಎಂದೇ ಕೇಳಿಸುತ್ತಿತ್ತು. ನಗುತ್ತ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು.

ಎರಡು ದಿನಕ್ಕೆ ಅವಳಿಗೆ ಫಿಟ್ಸ್ ಬಂತು. ಅವಸರದಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು ಕೂಸು, ಅಂಗೈಯಗಲ. ತಾಯಿಗೆ ನೆಟ್ಟಗೆ ಎಚ್ಚರವಾಗುವಷ್ಟರಲ್ಲಿ ಶಿವಕಾಂತ ಅದನ್ನು ಮಣ್ಣು ಮಾಡಿ ಬಂದಿದ್ದ. ಅವನ ಮೊಬೈಲಿನಲ್ಲಿ ಒಂದೇ ಒಂದು ಫೋಟೋ ಇತ್ತು: ಗಾಜಿನ ಪೆಟ್ಟಿಗೆ, ಅದರೊಳಗೆ ನಳಿಗೆಗಳು, ನಳಿಗೆಗಳ ನಡುವೆ ಒಂದು ಪುಟ್ಟ ಹಣೆ.

"ಎಬ್ಬಿಸಬೇಕಿತ್ತು ನನ್ನ," ಎಂದಳು.

"ಹೆಂಗ ಎಬ್ಬಸಲಿ? ನೀ ಉಳಿಯೂದ ಗ್ಯಾರಂಟಿ ಇರಲಿಲ್ಲ," ಎಂದು ಶಿವಕಾಂತ ಗೋಡೆಯ ಕಡೆ ಮುಖ ಮಾಡಿ ಅತ್ತ.

ಮನೆಗೆ ಬಂದ ಮೇಲೆ ಎದುರು ಕ್ವಾರ್ಟರ್ಸಿನ ಹರಿಪ್ರಿಯಾಳ ಸೀಮಂತದ ಕುಬಸ ಬಂತು. ಕನ್ನಡದ ಮನೆಗಳಿಗೆಲ್ಲ ಕರೆ ಹೋಯಿತು, ಇವರ ಮನೆಯೊಂದನ್ನು ಬಿಟ್ಟು. ಕೂಸು ಕಳೆದುಕೊಂಡವಳ ನೆರಳು ಬಸುರಿಯ ಮೇಲೆ ಬೀಳಬಾರದಂತೆ. ಭಾಗವ್ವ ಬಾಗಿಲು ಮುಂದೆ ಮಾಡಿ ಸುಮ್ಮನೆ ಕೂತಳು. ಸುಭದ್ರಾ ಒಳ್ಳೆಯ ಸೀರೆ ಉಟ್ಟು, ಹಸಿರು ಬಳೆ ಹಿಡಿದುಕೊಂಡು ಹೊರಟೇಬಿಟ್ಟಳು.

ಅವಳು ಒಳಗೆ ಕಾಲಿಟ್ಟದ್ದೇ ಹಾಡು ನಿಂತಿತು. ಸುಭದ್ರಾ ನೇರ ಹರಿಪ್ರಿಯಾಳ ಎದುರು ಕೂತು, ಬಳೆ ಏರಿಸುತ್ತ ಎಲ್ಲರಿಗೂ ಕೇಳುವಂತೆ ಹೇಳಿದಳು:

"ತಲಿ ಸಿಡಿದಂಗ ಆದ್ರ, ಕಣ್ಣಿಗೆ ಮಂಜು ಬಂದಂಗ ಆದ್ರ ಯಾರ ಮಾತೂ ಕೇಳಬ್ಯಾಡ. ಆ ಹೊತ್ತಿಗೇ ದವಾಖಾನಿಗೆ ಹೋಗು. ನಾ ನಾಲ್ಕ ದಿನ ತಡಾ ಮಾಡಿದ್ದೆ."

ಯಾರೋ ಹಿಂದಿನಿಂದ "ಶುಭ ಕಾರ್ಯದಾಗ ಇದೆಲ್ಲ ಯಾಕವ್ವಾ" ಎಂದರು. ಹರಿಪ್ರಿಯಾ ಮಾತ್ರ ಬಳೆ ತೊಟ್ಟ ಕೈಯಿಂದ ಸುಭದ್ರಾಳ ಮಣಿಕಟ್ಟು ಹಿಡಿದುಕೊಂಡು ಬಿಡಲಿಲ್ಲ.

ಈ ನಡುವೆ ಸುಭದ್ರಾ ಒಂದು ಫೋನಿಗಾಗಿ ಕಾಯುತ್ತಿದ್ದಳು. ಹೆರಿಗೆಯಾಗಿ ಒಂದೂವರೆ ತಿಂಗಳಿಗೆ ತಪಾಸಣೆಗೆ ಕರೆಯುತ್ತೇವೆಂದು ಅಧ್ಯಯನದವರು ಹೇಳಿದ್ದರು. ಒಂದೂವರೆ ಹೋಗಿ ಮೂರು ತಿಂಗಳಾಯಿತು. ಕಡೆಗೆ ತಾನೇ ಅನ್ವಿತಾಳಿಗೆ ಫೋನ್ ಮಾಡಿದಳು.

"ತಾಈ... ನಿಮ್ಮ ಫಾಲೋಅಪ್ ಬಂದ್ ಮಾಡಿದಾರೆ. ಆಯಿ ಮತ್ತೆ ಬಾಳ, ಅಂದ್ರೆ ತಾಯಿ ಮಗು ಇಬ್ಬರೂ ಇದ್ರೆ ಮಾತ್ರ. ರೂಲ್ ಹಾಗೇ ಇದೆ."

"ಬಿ.ಪಿ. ಬಂದದ್ದು ನನಗ, ಕೂಸಿಗಲ್ಲ," ಎಂದಳು ಸುಭದ್ರಾ. "ನಾ ಇನ್ನೂ ಅದೀನಲ್ಲ?"

ಸಂಭಾಜಿನಗರದ ಅಭಿಜಿತ್ ಸರ್ ಅವರೇ ಈ ಅಧ್ಯಯನದ ಮುಖ್ಯಸ್ಥರು, ಅವರನ್ನು ಕೇಳಿ ಎಂದಳು ಅನ್ವಿತಾ.

ಶಿವಕಾಂತನಿಗೆ ಇದು ಬೇಡವಾಗಿತ್ತು. "ಗಾಯ ಮಾಯೂದಕ್ಕ ಬಿಡು. ಮತ್ಯಾಕ ಕೆದರತೀ?"

"ಮಾಯ್ದಿಲ್ರಿ ಅದು. ಮ್ಯಾಲ ಬಟ್ಟಿ ಹೊಚ್ಚೀರಿ ಅಷ್ಟ. ಬರೂದಾದ್ರ ಬರ್ರಿ, ಇಲ್ಲಾಂದ್ರ ನಾ ಒಬ್ಬಾಕೀನ ಹೋಗ್ತೀನಿ."

ಒಬ್ಬಳೇ ಹೋದಳು. ವೈಜಾಪುರದಲ್ಲಿ ಬಸ್ಸು ನಿಂತಾಗ ಈರುಳ್ಳಿ ಚೀಲಗಳ ನಡುವೆ ಕಾಲು ಮಡಚಿಕೊಂಡು ಕೂತು, ಏನು ಹೇಳಬೇಕೆಂದು ಮರಾಠಿಯಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡಳು.

ಡಾಕ್ಟರ್ ಅಭಿಜಿತ್ ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ನೀರು ತರಿಸಿದರು, ನಡೆದದ್ದಕ್ಕೆ ಮನಸಾರೆ ಮರುಗಿದರು. ಅಧ್ಯಯನ ರೂಪಿಸಿದ್ದೇ ತಾಯಿ ಮಗುವಿನ ಜೋಡಿಗಾಗಿ, ನಡುವೆ ಬದಲಿಸುವುದು ಸುಲಭವಲ್ಲ ಎಂದು ತಿಳಿಸಿ ಹೇಳಿದರು. ಅವರ ಮಾತು ಮುಗಿಯುವ ತನಕ ಸುಭದ್ರಾ ತಾಳಿದಳು. ಆಮೇಲೆ ಕುಪ್ಪಸದ ತೋಳು ಮೇಲೆ ಸರಿಸಿ ಕೈಯನ್ನು ಮೇಜಿನ ಮೇಲಿಟ್ಟಳು.

"ಅಧ್ಯಯನ ಬಿಡಿ ಸಾಹೇಬರೇ. ಬಿ.ಪಿ. ಅಂತೂ ನೋಡಬಹುದಲ್ಲ?"

ಡಾಕ್ಟರು ನೋಡಿದರು. ಇನ್ನೊಂದು ಕೈಗೆ ಪಟ್ಟಿ ಸುತ್ತಿ ಮತ್ತೆ ನೋಡಿದರು. ಮೇಲಿನ ಅಂಕಿ ನೂರರವತ್ತು ದಾಟಿತ್ತು. ಆಸ್ಪತ್ರೆ ಬಿಟ್ಟಾಗ ಕೊಟ್ಟ ಗುಳಿಗೆ ಮುಗಿದು ಎಷ್ಟು ದಿನವಾಯಿತೆಂದು ಕೇಳಿದರು. ಯಾವಾಗಲೋ ಮುಗಿದಿತ್ತು, ಮತ್ತೆ ಬರಹೇಳಿದವರು ಯಾರೂ ಇರಲಿಲ್ಲ. ಕೂಸು ಇಲ್ಲದ ಬಾಣಂತಿಯನ್ನು ದವಾಖಾನೆಗೆ ಕರೆದೊಯ್ಯುವ ವಿಚಾರ ಮನೆಯವರಿಗೂ ಬಂದಿರಲಿಲ್ಲ.

"ನನ್ನಂಥವರು ಎಷ್ಟು ಮಂದಿ ಇದ್ದಾರೆ ನಿಮ್ಮಲ್ಲಿ?" ಎಂದಳು.

ಡಾಕ್ಟರು ಅವಳ ಕೈಯ ಪಟ್ಟಿ ಬಿಚ್ಚುತ್ತ ಹೇಳಿದರು: "ಇದ್ದಾರೆ. ಮಗು ಹೋದ ತಾಯಂದಿರಲ್ಲೇ ಬೇನೆ ಹೆಚ್ಚು ಜೋರಾಗಿದ್ದದ್ದು. ಅವರನ್ನು ಬಿಟ್ಟದ್ದು ಸರಿಯಲ್ಲ ಅಂತ ನನಗೂ ಅನ್ನಿಸಿತ್ತು. ಅನ್ನಿಸಿತು ಅಷ್ಟೇ, ಏನೂ ಮಾಡಲಿಲ್ಲ." ಅಂದೇ ಗುಳಿಗೆ ಬರೆದುಕೊಟ್ಟರು. ಇಂಥ ಅಧ್ಯಯನಗಳ ಸರಿತಪ್ಪು ನೋಡುವ ಸಮಿತಿಯೊಂದಿದೆ, ಬದಲಾವಣೆಗೆ ಅರ್ಜಿ ಹಾಕುತ್ತೇನೆ, ನೀವು ಬಂದು ಮಾತಾಡುತ್ತೀರಾ ಎಂದು ಕೇಳಿದರು.

ಸುದ್ದಿ ಕೇಳಿ ಭಾಗವ್ವ ಕೆಂಡವಾದಳು. "ಸತ್ತ ಕೂಸಿನ ಮಾತು ಹತ್ತ ಮಂದಿ ಮುಂದ ಆಡ್ತೀಯಾ? ಮಾನಾ ಮರ್ಯಾದಿ ಐತೇನು?"

"ನಾ ಏನ ಕಳವು ಮಾಡೇನೇನ್ರಿ ಅತ್ತಿ, ಮುಚ್ಚಿಡಾಕ?"

ಆವತ್ತಿನಿಂದ ಭಾಗವ್ವ ಸೊಸೆಯೊಂದಿಗೆ ಮಾತು ಬಿಟ್ಟಳು. ಆದರೆ ಸಮಿತಿಯ ದಿನ ಶಿವಕಾಂತ ರಜೆ ಹಾಕಿದ್ದ. ಬಸ್ಸಿನಲ್ಲಿ ಕಿಟಕಿಯ ಸೀಟು ಅವಳಿಗೆ ಬಿಟ್ಟುಕೊಟ್ಟ.

ಉದ್ದನೆಯ ಮೇಜು, ಸುತ್ತ ವೈದ್ಯರು, ಒಬ್ಬ ವಕೀಲ, ನಿವೃತ್ತ ಶಿಕ್ಷಕಿಯೊಬ್ಬರು. ಮುಧೋಳದ ಕನ್ನಡ ಇಣುಕುವ ಮರಾಠಿಯಲ್ಲಿ ಸುಭದ್ರಾ ತನಗಾದದ್ದನ್ನು ಹೇಳಿದಳು. ಹಿರಿಯ ವೈದ್ಯರೊಬ್ಬರು ಕನಿಕರದಿಂದಲೇ ಕೇಳಿದರು: "ಇಂಥ ತಾಯಂದಿರನ್ನು ಮತ್ತೆ ಮತ್ತೆ ಕರೆಸಿ, ಪಕ್ಕದಲ್ಲಿ ಮಗು ಎತ್ತಿಕೊಂಡವರ ಜೊತೆ ಕೂರಿಸಿ, ನೋವು ಕೊಡಬಾರದು ಅಂತಲೇ ನಾವು ಬಿಟ್ಟದ್ದು. ಅದು ತಪ್ಪೇ, ಮಗಳೇ?"

"ನನಗೆ ನೋವಾಗುತ್ತದೆ ಅಂತ ನಿಮಗೆ ಹೇಳಿದವರು ಯಾರು?" ಎಂದಳು ಸುಭದ್ರಾ. "ರಕ್ತ ತೆಗೆದುಕೊಳ್ಳುವಾಗ ಕೇಳಿದಿರಿ. ಬಿಡುವಾಗ ಯಾಕೆ ಕೇಳಲಿಲ್ಲ? ನೋವು ಮನೆಯಲ್ಲಿ ಕೂತರೂ ಆಗುತ್ತದೆ. ಇಲ್ಲಿಗೆ ಬಂದರೆ ಪ್ರಾಣವಾದರೂ ಉಳಿಯುತ್ತದೆ. ನಮ್ಮನ್ನು ಕೇಳಿ. ಬೇಡ ಅನ್ನುವವರು ಬೇಡ ಅಂತಾರೆ, ನಮಗೂ ಬಾಯಿದೆ."

ನಿವೃತ್ತ ಶಿಕ್ಷಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಶಿವಕಾಂತ ಹೊರಗಿನ ಬೆಂಚಿನ ಮೇಲೆ ಕೂತು ಇದೆಲ್ಲ ಕೇಳಿಸಿಕೊಳ್ಳುತ್ತಿದ್ದ. ಬಾಗಿಲು ತೆರೆದೇ ಇತ್ತು.

ತೀರ್ಮಾನ ಬರಲು ಆ ಮಳೆಗಾಲ ಕಳೆಯಿತು. ಬಂದದ್ದು ಅವಳು ಕೇಳಿದ್ದೇ: ಮಗು ಕಳೆದುಕೊಂಡವರನ್ನೂ ಸೇರಿಸಿಕೊಳ್ಳಬಹುದು, ಅವರು ಒಪ್ಪಿದರೆ. ಬೇರೆ ದಿನ ಕರೆಯಬೇಕು. ಒಪ್ಪಿಗೆ ಕೇಳಲು ಅನ್ವಿತಾಳ ಜೊತೆ ಸುಭದ್ರಾಳೂ ಹೋಗಬಹುದು.

ವಾರದ ರಜೆಯ ದಿನಗಳಲ್ಲಿ ಇಬ್ಬರೂ ಊರೂರು ಸುತ್ತಿದರು. ವೈಜಾಪುರದಲ್ಲಿ ಒಬ್ಬಳು ಮಾತು ಪೂರ್ತಿ ಕೇಳದೆ ಬಾಗಿಲು ಹಾಕಿದಳು. ಅನ್ವಿತಾ ಮತ್ತೆ ಬಡಿಯಲು ಕೈ ಎತ್ತಿದಾಗ ಸುಭದ್ರಾ ತಡೆದಳು. "ಬ್ಯಾಡ. ಆಕಿ ಬಾಯಿ ಆಕಿದು."

ಪೈಠಣದಲ್ಲಿ ಮುಕ್ತಾ ಎಂಬ ನೇಕಾರ ಹೆಂಗಸು ಮಗ್ಗದ ಮುಂದೆ ಕೂತಿದ್ದಳು, ಪೈಠಣಿ ಸೀರೆಯ ಸೆರಗಿನಲ್ಲಿ ಅರ್ಧ ನೇಯ್ದ ನವಿಲು. ಅವಳ ಅತ್ತೆ ಹೊಸ್ತಿಲಿಗೆ ಅಡ್ಡ ನಿಂತಳು. ಹೋದದ್ದನ್ನು ಕೆದಕಲು ಬಂದವರು ಬಂದ ದಾರಿ ಹಿಡಿಯಿರಿ ಎಂದಳು. ಸುಭದ್ರಾ ಅವಳೊಂದಿಗೆ ವಾದಕ್ಕಿಳಿಯದೆ, ಅವಳ ಹೆಗಲ ಮೇಲಿಂದ ಒಳಗೆ ನೋಡುತ್ತ ಕೇಳಿದಳು: "ಮುಕ್ತಾತಾಈ, ನನ್ನ ಮಗಳೂ ಹೋದಳು. ನಿಮಗೆ ಈಗ ಹೇಗಿದೆ?"

ಮಗ್ಗದ ಸದ್ದು ನಿಂತಿತು. "ದಿನಾ ತಲೆ ಸಿಡಿಯುತ್ತದೆ," ಎಂದಳು ಮುಕ್ತಾ. "ಕೂಸನ್ನು ನೆನೆಸಿಕೊಂಡು ಹಾಗಾಗುತ್ತದೆ ಅಂತಾರೆ ಎಲ್ಲರೂ." ಎದ್ದು ಮಗ್ಗದ ಮೇಲೆ ಬಟ್ಟೆ ಹೊದಿಸಿ, ಚಪ್ಪಲಿ ಮೆಟ್ಟಿಕೊಂಡಳು. ಅತ್ತೆ ಕೂಗುತ್ತಲೇ ಇದ್ದಳು. ಮುಕ್ತಾ ಅವಳ ಮಗ್ಗುಲಿಂದ ಹಾದು ಬೀದಿಗಿಳಿದಳು. ಕೇಂದ್ರದಲ್ಲಿ ಅವಳ ಬಿ.ಪಿ. ನೋಡಿ ಡಾಕ್ಟರ್ ಅಭಿಜಿತ್ ಆ ದಿನ ಅವಳನ್ನು ಮನೆಗೆ ಕಳಿಸಲಿಲ್ಲ, ಆಸ್ಪತ್ರೆಗೆ ಸೇರಿಸಿದರು. ಇನ್ನಷ್ಟು ತಡವಾಗಿದ್ದರೆ ಕಿಡ್ನಿ ಉಳಿಯುತ್ತಿರಲಿಲ್ಲ ಎಂದರು.

ಸುಭದ್ರಾಳಿಗೆ ಇನ್ನೂ ಮಗುವಾಗಿಲ್ಲ. ಗುಳಿಗೆ ಬದಲಿಸಿ, ಮೊದಲಿನಿಂದಲೇ ಎಚ್ಚರವಹಿಸಿದರೆ ಇನ್ನೊಂದು ಹೆರಿಗೆಗೆ ಅಡ್ಡಿಯಿಲ್ಲವೆಂದು ಡಾಕ್ಟರು ಹೇಳಿದ್ದಾರೆ. "ನನಗ ಬೇಕು ಅನಿಸಿದಾಗ ಹೇಳ್ತೀನಿ," ಎಂದು ಅವಳು ಶಿವಕಾಂತನಿಗೆ ಹೇಳಿದ್ದಾಳೆ. ಅವನು ಮತ್ತೆ ಆ ಮಾತೆತ್ತಿಲ್ಲ.

ಮೊನ್ನೆ ಮುಧೋಳದಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಹೆಂಗಸೊಬ್ಬಳು ಸುಭದ್ರಾಳ ಹೊಟ್ಟೆ ನೋಡುತ್ತ ಭಾಗವ್ವನನ್ನು ಕೇಳಿದಳು: "ಏನ್ರೀ ಭಾಗವ್ವಾ, ನಿಮ್ಮ ಸೊಸೀದು ಏನರ ವಿಶೇಷ?"

ಒಂದು ವರ್ಷದಿಂದ ಸೊಸೆಯೊಂದಿಗೆ ನಾಲ್ಕು ಮಾತು ಆಡಿರದ ಭಾಗವ್ವ ಹೋಳಿಗೆ ಮುರಿಯುತ್ತ ತಲೆ ಎತ್ತಿದಳು.

"ಬಿ.ಪಿ. ಗುಳಿಗಿ ತೊಗೋತಾಳ. ಅದ ವಿಶೇಷ. ನಿನ್ನ ಸೊಸೀದು ಬಿ.ಪಿ. ನೋಡಿಸೀಯೇನು ನೀ?"