ಮೊರದೊಳಗಿನ ಮಳೆ

ಮೆಲ್ಬರ್ನಿನ ಒಂದು ಸಣ್ಣ ರೇಡಿಯೊದವರು ಆಗ ಭಾನುವಾರ ಅರ್ಧ ಗಂಟೆ ಕನ್ನಡಕ್ಕೆ ಕೊಟ್ಟಿದ್ದರು. ಒಮ್ಮೆ ನಾಟಕ ಮಾಡಿದೆವು, ನೇರ ಪ್ರಸಾರ. ಮಳೆಗೆ ಸಿಕ್ಕವನೊಬ್ಬ ಹಗೆಯ ಮನೆಯ ಬಾಗಿಲು ತಟ್ಟುವ ಕಥೆ. ಮಳೆಯಿಲ್ಲದಿದ್ದರೆ ಕಥೆಯೇ ಇಲ್ಲ. ಪ್ರಸಾರಕ್ಕೆ ಇನ್ನು ಹತ್ತು ನಿಮಿಷ ಇದೆ ಎನ್ನುವಾಗ ಮಳೆಯ ಕ್ಯಾಸೆಟ್ಟಿನ ಟೇಪು ಸಿಕ್ಕಿಕೊಂಡು ಹರಿದುಹೋಯಿತು.

ನಮ್ಮ ನಂತರದ ಸರದಿ ವಾಲ್ಟರ್ ಎಂಬ ಅಮೆರಿಕದ ಮುದುಕನದು. ತನ್ನ ದೇಶದ ಹಳೆಯ ರೇಡಿಯೊ ನಾಟಕಗಳನ್ನು ಕೇಳಿಸುತ್ತಿದ್ದ. ಪ್ರಾಯದಲ್ಲಿ ಅವುಗಳಿಗೆ ಕುದುರೆ ಓಟ, ಗುಡುಗು, ಗುಂಡಿನ ಸದ್ದು ಮಾಡಿಕೊಟ್ಟವನು.

"ಒಣ ಬಟಾಣಿ, ತಗಡಿನ ತಟ್ಟೆ ಇದೆಯೇ? ನಮ್ಮ ಮಳೆ ಅದರಲ್ಲೇ ಬರುತ್ತಿತ್ತು," ಎಂದ.

ಇರಲಿಲ್ಲ. ಇದ್ದದ್ದು ಮೊರ ಮತ್ತು ರಾಗಿ. ನಾಟಕದಲ್ಲಿ ತಾಯಿ ರಾಗಿ ಕೇರುತ್ತಾಳೆಂದು, ಆ ಪಾತ್ರ ಮಾಡುತ್ತಿದ್ದ ನನ್ನ ಹೆಂಡತಿ ಎರಡನ್ನೂ ತಂದಿದ್ದಳು. ರೇಡಿಯೊದಲ್ಲಿ ಯಾರು ನೋಡುತ್ತಾರೆ ಎಂದು ನಾನು ದಾರಿಯುದ್ದಕ್ಕೂ ಗೊಣಗಿದ್ದೆ.

ವಾಲ್ಟರ್ ಮೊರ ಅಲ್ಲಾಡಿಸಿದ. ರಾಗಿ ನೆಲಕ್ಕೆ ಚೆಲ್ಲಿತು.

"ಕೊಡಿ ಇಲ್ಲಿ, ಅದು ಜರಡಿಯಲ್ಲ," ಎಂದು ನನ್ನವಳು ಕಿತ್ತುಕೊಂಡು, ಉಳಿದ ರಾಗಿಯನ್ನು ಮೆಲ್ಲಗೆ ಆ ಕಡೆಯಿಂದ ಈ ಕಡೆಗೆ ಹರಿಸಿದಳು.

ಮುದುಕ ಕಣ್ಣು ಮುಚ್ಚಿ ಕೇಳಿದ. "ಅಷ್ಟು ವರ್ಷ ತಗಡು ಬಡಿದೆ. ಇಷ್ಟು ಒದ್ದೆಯಾದ ಮಳೆ ನನಗೆ ಬರಲಿಲ್ಲ," ಎಂದು ಮೈಕನ್ನು ತಾನೇ ಅವಳ ಮೊರದ ಹತ್ತಿರಕ್ಕೆ ಎಳೆದ.

ನಾಟಕ ಮುಗಿದ ಮೇಲೆ ಡ್ಯಾಂಡಿನಾಂಗ್ ಬಡಾವಣೆಯಿಂದ ಒಬ್ಬರು ಫೋನ್ ಮಾಡಿದರು.

"ಮಳೆ ತುಂಬ ಚೆನ್ನಾಗಿತ್ತು ಸಾರ್. ಬಾಗಿಲು ತಟ್ಟಿದವರ ಮಾತು ಮಾತ್ರ ಒಂದೂ ಕೇಳಿಸಲಿಲ್ಲ."

ತಟ್ಟಿದವನು ನಾನೇ. ನನಗಿದ್ದದ್ದು ನಾಲ್ಕು ಮಾತು. ಮೊದಲೇ ಗೊತ್ತಿದ್ದರೆ ಅವನ್ನೂ ಆಡುತ್ತಿರಲಿಲ್ಲ.