ಟೇಪಿನ ಬಾಲ ಹುಡುಕುವ ಒರೆಸ್ತೆ

ಇಟಲಿಯ ನಮ್ಮ ಫಾಯೆಂಜಾ ಊರಿನ ಹಳೇ ಸಾಮಾನಿನ ಸಂತೆಗೆ ಭಾನುವಾರ ಎಲ್ಲರಿಗಿಂತ ಮೊದಲು ಬರುವವನು ಒರೆಸ್ತೆ. ಬೇರೆಯವರು ಪಿಂಗಾಣಿ ತಟ್ಟೆಗಳನ್ನು ಬಡಿದು ನೋಡುತ್ತಿದ್ದರೆ ಇವನು ವಿಡಿಯೊ ಕ್ಯಾಸೆಟ್ಟುಗಳನ್ನು ಎದೆಗವಚಿಕೊಳ್ಳುತ್ತಾನೆ. ಮೂವತ್ತೈದು ವರ್ಷಗಳ ಹಿಂದೆ ಊರಿನ ಪುಟ್ಟ ಟಿವಿ ಚಾನೆಲ್ಲೊಂದು ಹಳೆಯ ಕೌಬಾಯ್ ಸಿನಿಮಾಗಳ ಮಾತನ್ನೆಲ್ಲ ತೆಗೆದು, ನಮ್ಮೂರಿನ ಆಡುಮಾತು ತುಂಬಿ ನಗಿಸುತ್ತಿತ್ತು. ಚಾನೆಲ್ ಮುಚ್ಚಿತು, ಜನ ಮರೆತರು, ಇವನು ಮರೆಯಲಿಲ್ಲ. "ಮತ್ತೆ ಬಂದ್ಯೇನೋ? ಇದು ಯಾರದೋ ಮಗುವಿಗೆ ಚರ್ಚಿನಲ್ಲಿ ಮಾಡಿಸಿದ ಜ್ಞಾನಸ್ನಾನದ ಟೇಪು ಕಣೋ!" ಎಂದು ಅಂಗಡಿಯ ಯೋಲೆ ರೇಗಿಸುತ್ತಾಳೆ. "ಇರಲಿ ಹಾಕಕ್ಕ, ಜ್ಞಾನಸ್ನಾನ ಮುಗಿದ ಮೇಲೂ ಟೇಪು ಉಳಿದಿರುತ್ತಲ್ಲ," ಎನ್ನುತ್ತಾನೆ. ಟಿವಿಯಿಂದ ರೆಕಾರ್ಡ್ ಮಾಡಿಟ್ಟ ಕಾರ್ಯಕ್ರಮದ ಮೇಲೇ ಜನ ಮನೆಯ ಸಮಾರಂಭದ ವಿಡಿಯೊ ತುಂಬಿಸುತ್ತಿದ್ದ ಕಾಲ ಅದು; ಸಮಾರಂಭ ಮುಗಿದ ಮೇಲೆ ಟೇಪಿನ ಕೊನೆಯಲ್ಲಿ ಹಳೆಯ ಕಾರ್ಯಕ್ರಮದ ತುಣುಕು ಉಳಿದಿರುತ್ತಿತ್ತು. ಹಾಗಾಗಿ ಯೋಲೆಯ ಟಿವಿಯ ಮುಂದೆ ಊರಿನ ಎಷ್ಟೋ ಮದುವೆಗಳನ್ನು ಕೊನೆತನಕ ನೋಡಿದ್ದಾನೆ. ಯಾವ ಮದುಮಗ ಅತ್ತ ಎಂದೂ ಹೇಳಬಲ್ಲ. ಟೇಪಿನ ಬಾಲದಲ್ಲಿ ಕುದುರೆಯೊಂದು ಕಂಡರೆ ಸಾಕು, ತಟ್ಟನೆ ಟಿವಿಗೆ ಬೆನ್ನು ತಿರುಗಿಸಿ ಕೂರುತ್ತಾನೆ. "ಇಷ್ಟು ಹುಡುಕಿ ನೋಡೋದೇ ಇಲ್ವಲ್ಲೋ?" ಎಂದು ಯೋಲೆ ಒಮ್ಮೆ ಕೇಳಿದಳು. "ಆ ಸಿನಿಮಾಗಳಲ್ಲಿ ಬರೋ ಮೀಸೆ ಪೊಲೀಸು, ಆ ಶೆರೀಫನಿಗೆ, ನಮ್ಮ ಭಾಷೆಯಲ್ಲಿ ದನಿ ಕೊಟ್ಟವಳು ತೀರಿಹೋದ ನನ್ನ ತಂಗಿ. ಅವಳ ದನಿ ಬೇರೆಲ್ಲೂ ಉಳಿದಿಲ್ಲ. ಮೀಸೆಯವನು ಹೆಣ್ಣಿನ ದನಿಯಲ್ಲಿ ಮಾತಾಡೋದು ನೋಡಿದ್ರೆ ನಗು ಬರುತ್ತೆ ಅಕ್ಕ. ನಕ್ಕರೆ ಅವಳ ಮಾತು ಕೇಳಿಸೋದಿಲ್ಲ."