ಸೊಲ್ಲಿಲ್ಲದ ಪ್ಲೇಟು

ಮದ್ದೂರು ಸ್ಟೇಷನ್ನಿನ ಹತ್ತಿರ ಒಂದು ಛತ್ರ. ನಡುಮನೆಯಲ್ಲಿ ಬೆಂಗಳೂರಿನ ಗ್ರಾಮಫೋನು ಪ್ಲೇಟು ಕಂಪನಿಯ ಯಜಮಾನರು, ಹಾಡು ಹಿಡಿಯುವ ಅವರ ಮಿಶನ್ನು, ಒಬ್ಬ ಹಾರ್ಮೋನಿಯಂನವನು, ನಮ್ಮ ದೊಡ್ಡವ್ವ. ಹೊರಗೆ ಜಗಲಿಯ ಮೇಲೆ ನಾವು ಮೂವರು, ಅವಳ ಸೊಲ್ಲಿನ ಹೆಂಗಸರು. ನಮ್ಮನ್ನು ಹೊರಗೆ ಕೂರಿಸಿದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ.

ದೊಡ್ಡವ್ವ ನನ್ನವ್ವನ ಅಕ್ಕ. ಕೊತ್ತತ್ತಿಯ ಗದ್ದೆಗಳಲ್ಲಿ ನಾಟಿ ಹಾಕುತ್ತ ಅವಳಜ್ಜಿಯಿಂದ ಪದ ಕಲಿತವಳು. ಆಮೇಲೆ ಮದುವೆ ಮನೆಗಳು ಅವಳನ್ನು ಬಿಡಲಿಲ್ಲ. ಮಳವಳ್ಳಿಯ ಕಡೆಯಿಂದಲೂ ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಅವಳು ಸೋಬಾನೆ ಎತ್ತದೆ ಹೆಣ್ಣು ಹಸೆಗೆ ಬರುತ್ತಿರಲಿಲ್ಲ. ಅವಳು ಒಂದು ಸಾಲು ಹೇಳಿ ನಿಲ್ಲಬೇಕು, ನಾವು ಅದನ್ನು ಎತ್ತಿಕೊಂಡು ತಿರುಗಿ ಹೇಳಬೇಕು. ಅದೇ ಸೊಲ್ಲು. ಸೊಲ್ಲು ಬಾರದೆ ಮುಂದಿನ ಸಾಲಿಗೆ ಹೋಗುವ ಹಾಗಿಲ್ಲ, ಹೋದರೆ ಹಸೆಯ ಹೆಣ್ಣಿಗೆ ಒಳ್ಳೆಯದಲ್ಲ.

ಮಂಡ್ಯದಿಂದ ರೈಲಿನಲ್ಲಿ ಬರುವಾಗ ನನ್ನ ಕೈ ಹಿಡಿದುಕೊಂಡೇ ಇದ್ದಳು. "ನಾನು ಓದ ಮ್ಯಾಲೂ ನಮ್ಮಜ್ಜಿ ಪದ ಉಳೀತದೆ ಕಣಮ್ಮಿ" ಅಂದಳು.

ಹಾಡು ಕೊರೆದುಕೊಳ್ಳುವ ಮೇಣದ ತಟ್ಟೆ ತಿರುಗಿತು. ದೊಡ್ಡವ್ವ ಒಂದು ಸಾಲು ಹೇಳಿ ನಿಂತಳು. ಒಳಗೆ ಸದ್ದೇ ಇಲ್ಲ. ತಡೆಯಲಾರದೆ ನಾವು ಕಿಟಕಿಯಿಂದಲೇ ಸೊಲ್ಲು ಎತ್ತಿಬಿಟ್ಟೆವು.

"ಯಾರ್ರೀ ಅದು ಅರಚೋದು? ತಟ್ಟೆ ಹಾಳಾಯಿತು!" ಯಜಮಾನರು ಕಿರುಚಿದರು. "ನೀವ್ಯಾಕಮ್ಮಾ ನಿಲ್ಲಿಸಿದಿರಿ? ಮರೆತು ಹೋಯಿತೇ?"

"ಮರೆಯಾಕೇನು ಬುದ್ಧಿ, ಸೊಲ್ಲು ಬೇಕಲ್ಲ. ನಮ್ಮೆಣ್ಣುಮಕ್ಳ ಒಳೀಕ್ ಕರೀರಿ."

"ಪ್ಲೇಟಿಗೆ ಒಂದು ಕಂಠ ಸಾಕು. ಅವರೂ ಸೇರಿದರೆ ಸಂತೆ ಆಗುತ್ತೆ. ಒಂದೇ ಸಮ ಹಾಡಿ."

"ಮದ್ವೆ ಎಣ್ಣು ತನಗೆ ತಾನೇ ಆರತಿ ಎತ್ಕಂಡಂಗಾಯ್ತದೆ ಬುದ್ಧಿ, ನನ್ನ ಕೈಲಾಗಾಕಿಲ್ಲ."

ಅವರು ಹಾರ್ಮೋನಿಯಂನವನ ಕಡೆ ತಿರುಗಿ, "ಈಯಮ್ಮನಿಗೆ ತಾಳವೇ ಗೊತ್ತಿಲ್ಲ" ಅಂದರು. ತಾಳ ಗೊತ್ತಿಲ್ಲವಂತೆ! ಕೆಸರಿನಲ್ಲಿ ಬಾಗಿದ ಒಂದು ಸಾಲು ಹೆಂಗಸರ ಕೈಯನ್ನು ಒಟ್ಟಿಗೆ ಆಡಿಸಿದವಳಿಗೆ! ಅಷ್ಟು ಅಂದವರು, ಪದವನ್ನು ಮಾತ್ರ ಬಾಯಲ್ಲಿ ಹೇಳಿಸಿ ಬರೆದುಕೊಳ್ಳುವುದನ್ನು ಮರೆಯಲಿಲ್ಲ. ಪದ ಉಳಿದರೆ ಸಾಕೆಂದು ದೊಡ್ಡವ್ವನೂ ಹೇಳಿಕೊಟ್ಟಳು. ಅವಳ ಕಂಠ ಹಿಡಿಯದೆಯೇ ನಮ್ಮನ್ನು ಕಳಿಸಿದರು. ಕೆಲವು ತಿಂಗಳ ಮೇಲೆ ಪ್ಲೇಟು ಬಂತು. ಹಾಡಿದವಳು ಯಾವುದೋ ನಾಟಕ ಕಂಪನಿಯವಳು. ಎಳೆದೆಳೆದು, ಸೊಲ್ಲಿಗೆ ಉಸಿರಷ್ಟೂ ಜಾಗ ಬಿಡದೆ ಹಾಡಿದ್ದಳು. ನಮ್ಮ ದೊಡ್ಡವ್ವನ ಹೆಸರು ಅದರ ಮೇಲೆ ಎಲ್ಲೂ ಇರಲಿಲ್ಲ. ಕದ್ದದ್ದು ಅನ್ನದೆ ಇದಕ್ಕೆ ಇನ್ನೇನು ಅನ್ನಲಿ?

ಮುಂದಿನ ಬೇಸಿಗೆ ಕೆರಗೋಡಿನಲ್ಲೊಂದು ಮದುವೆ. ಗಂಡಿನ ಕಡೆಯವರು ಗ್ರಾಮಫೋನು ತಂದು ಅದೇ ಪ್ಲೇಟು ಹಾಕಿದರು. ಮೊದಲ ಸಾಲು ಮುಗಿದದ್ದೇ ತಡ, ಚಪ್ಪರದ ಹೆಂಗಸರೆಲ್ಲ ರೂಢಿಯಂತೆ ಸೊಲ್ಲು ಎತ್ತಿದರು. ಪ್ಲೇಟು ನಿಲ್ಲದೆ ಮುಂದಕ್ಕೆ ಓಡಿತು.

"ಇದ್ಯಾವಳಮ್ಮೀ, ನಮ್ಮ ಬಾಯಿ ತೆಗ್ಯಾಕೂ ಬುಡ್ದೆ ಓಡ್ತಾವ್ಳೆ!" ಅಂತ ಹೆಣ್ಣಿನ ಅಜ್ಜಿ ಎದ್ದು ಬಂದು ಮುಳ್ಳು ಎತ್ತಿಟ್ಟಳು. ಎಲೆ ಅಡಿಕೆ ತಂದು ದೊಡ್ಡವ್ವನ ಮಡಿಲಿಗೆ ಹಾಕಿದಳು. ದೊಡ್ಡವ್ವ ಒಂದು ಸಾಲು ಹೇಳಿ ನಿಂತಳು, ನಾವು ಸೊಲ್ಲು ಕೊಟ್ಟೆವು. ಹೆಣ್ಣು ಬಂದು ಹಸೆಯ ಮೇಲೆ ಕೂತಳು.